ಪ್ಯಾಕೇಜ್ ಹುಡುಕಿದವರಿಗೆ ಏನನ್ನು ತೋರಿಸಬೇಕು?

ಪ್ರಶ್ನೆ: ಕಾಲೇಜಿನ ಲಿನಕ್ಸ್ ಬಳಗಕ್ಕಾಗಿ ಕಮಾಂಡ್ ಲೈನಿನಲ್ಲಿ ಓಡುವ ಸಣ್ಣ ಪ್ಯಾಕೇಜ್ ಮ್ಯಾನೇಜರ್ (ತಂತ್ರಾಂಶಗಳನ್ನು ಹುಡುಕಿ ಇನ್‌ಸ್ಟಾಲ್ ಮಾಡುವ ಸಾಧನ) ಬರೆಯುತ್ತಿದ್ದೇವೆ. ಹುಡುಕಿದಾಗ ಹೆಸರು, ಆವೃತ್ತಿ, ಗಾತ್ರ, ಲೈಸೆನ್ಸ್, ವಿವರಣೆ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ, ಆದರೆ ಯಾರಿಗೂ ಓದಲಾಗುತ್ತಿಲ್ಲ. ಬಣ್ಣ ಹಾಕಿದರೆ ಸಾಕೇ? ವಿವರಣೆಯನ್ನು ಕನ್ನಡದಲ್ಲಿ ಕೊಟ್ಟರೆ ಕಾಲಂಗಳು ಓರೆಯಾಗುವುದೇಕೆ?

ಉತ್ತರ: ಬಣ್ಣದ ಮಾತು ಆಮೇಲೆ. ಹುಡುಕುವವರು ತಿಳಿಯಬಯಸುವುದು ತಮಗೆ ಬೇಕಾದದ್ದು ಯಾವುದು, ಅದು ಈಗಾಗಲೇ ಯಂತ್ರದಲ್ಲಿದೆಯೇ ಎಂಬುದನ್ನು ಮಾತ್ರ. ಗಾತ್ರ ಮತ್ತು ಲೈಸೆನ್ಸನ್ನು ಒಂದೇ ಪ್ಯಾಕೇಜಿನ ಪೂರ್ಣ ವಿವರ ತೋರಿಸುವ ಬೇರೆ ಕಮಾಂಡಿಗೆ ಬಿಡಿ. ಡೆಬಿಯನ್‌ ಲಿನಕ್ಸಿನ ಹಳೆಯ ಹುಡುಕಾಟದ ಕಮಾಂಡ್ ಆಪ್ಟ್-ಕ್ಯಾಶ್ ಸರ್ಚ್ ಹೆಸರನ್ನೂ ಕಿರುವಿವರಣೆಯನ್ನೂ ಒಂದು ಸಾಲಿನಲ್ಲಿ ಕೊಡುತ್ತದೆ. 2014ರಲ್ಲಿ 1.0 ಆವೃತ್ತಿ ತಲುಪಿದ, ಅಲ್ಲಿನ ಹೊಸ ಕಮಾಂಡ್ ಆಪ್ಟ್‌ನಲ್ಲಿ ಮೊದಲ ಸಾಲಿಗೆ ಹೆಸರು, ಆವೃತ್ತಿ ಮತ್ತು ಇನ್‌ಸ್ಟಾಲ್ ಆಗಿದೆಯೆಂಬ ಗುರುತು, ಅದರ ಕೆಳಗೆ ಒಳಸರಿದ ವಿವರಣೆ, ನಂತರ ಖಾಲಿ ಸಾಲು ಬರುತ್ತವೆ. ಕಣ್ಣಿಗೆ ಇದು ಹಿತ, ಆದರೆ ಪರದೆ ಬೇಗ ತುಂಬುತ್ತದೆ.

ನನ್ನ ಮಟ್ಟಿಗೆ ವಿನ್ಯಾಸಕ್ಕಿಂತ ಕ್ರಮವೇ ಮುಖ್ಯ. ಆಪ್ಟ್‌ನಲ್ಲಿ ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ‘ಗಿಟ್’ (git) ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದರೆ, ‘ಡಿಜಿಟಲ್’ ಎಂಬ ಪದದೊಳಗೂ ಆ ಮೂರು ಅಕ್ಷರಗಳು ಇರುವುದರಿಂದ, ಛಾಯಾಚಿತ್ರದ ತಂತ್ರಾಂಶಗಳೂ ಪಟ್ಟಿಗೆ ನುಗ್ಗಿ, ಅವುಗಳಲ್ಲಿ ಕೆಲವು ಅಕಾರಾದಿಯಲ್ಲಿ ಗಿಟ್‌ಗಿಂತ ಮೊದಲೇ ನಿಲ್ಲುತ್ತವೆ. ಫೆಡೋರಾ ಲಿನಕ್ಸಿನ ಪ್ಯಾಕೇಜ್ ಮ್ಯಾನೇಜರ್ ಡಿಎನ್‌ಎಫ್ ಹೆಸರು ಯಥಾವತ್ತಾಗಿ ಹೊಂದಿದವನ್ನು ಪ್ರತ್ಯೇಕ ಶೀರ್ಷಿಕೆಯಡಿ ಮೊದಲು ತೋರಿಸುತ್ತದೆ; ಇದನ್ನು ಧಾರಾಳವಾಗಿ ಅನುಸರಿಸಿ. ರಸ್ಟ್ ಭಾಷೆಯ ಪ್ಯಾಕೇಜ್ ಮ್ಯಾನೇಜರ್ ಕಾರ್ಗೋ ಮೊದಲ 10 ಫಲಿತಾಂಶಗಳನ್ನಷ್ಟೇ ಕೊಟ್ಟು, ಇನ್ನೆಷ್ಟು ಉಳಿದಿವೆ, ಅವನ್ನು ನೋಡುವುದು ಹೇಗೆ ಎಂದೂ ತಿಳಿಸುತ್ತದೆ. ಜೊತೆಗೆ ಅದರ ಪ್ರತಿ ಸಾಲನ್ನೂ ಯೋಜನೆಯ ಕಡತಕ್ಕೆ ನೇರವಾಗಿ ಅಂಟಿಸಬಹುದು, ಇದು ನಿಜಕ್ಕೂ ಜಾಣತನ.

ಇನ್ನು ಬಣ್ಣ. ಹೆಸರಿಗೊಂದು ಬಣ್ಣ ಸಾಕು. ಇನ್‌ಸ್ಟಾಲ್ ಆಗಿರುವುದನ್ನು ಬಣ್ಣದಿಂದ ಮಾತ್ರ ಸೂಚಿಸಿದರೆ ವರ್ಣಾಂಧತೆ ಇರುವವರಿಗೆ ಅದು ಕಾಣದೇ ಹೋಗಬಹುದು, ಆದ್ದರಿಂದ ಪದದಲ್ಲೂ ಬರೆಯಿರಿ. ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುತ್ತಿಲ್ಲವೆಂದು ‘ಇಸ್‌ಎಟಿಟಿವೈ’ (isatty) ಫಂಕ್ಷನ್ ಹೇಳಿದಾಗ, ಅಥವಾ ಬಳಕೆದಾರರು ‘ನೋ ಕಲರ್’ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟಾಗ ಬಣ್ಣ ಹಾಕಬೇಡಿ. ಒಂದು ಪ್ರೋಗ್ರಾಂನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವ ಪೈಪಿನಾಚೆ ಓದುವುದು ಮನುಷ್ಯರಲ್ಲ, ಆ ಇನ್ನೊಂದು ಪ್ರೋಗ್ರಾಂ. ಅದಕ್ಕೆ ಪ್ಯಾಕೇಜಿಗೊಂದೇ ಸಾಲು, ನಡುವೆ ಟ್ಯಾಬ್ ಇದ್ದರೆ ಸಾಕು. ತನ್ನ ಸ್ವರೂಪ ಸ್ಥಿರವಲ್ಲವೆಂದು ಆಪ್ಟ್ ಪೈಪಿನಲ್ಲಿ ಎಚ್ಚರಿಸುವುದಕ್ಕೆ ಕಾರಣವೂ ಈ ಇಬ್ಬಗೆಯ ಓದುಗರೇ.

ಕನ್ನಡದ ತೊಡಕು ಬೇರೆಯದು. ಸಿ ಭಾಷೆಯಲ್ಲಿ ಪಠ್ಯ ಮುದ್ರಿಸುವ ಪ್ರಿಂಟ್‌ಎಫ್ ಫಂಕ್ಷನ್ ಕಾಲಂನ ಅಗಲವನ್ನು ಬೈಟ್‌ಗಳಲ್ಲಿ ಎಣಿಸುತ್ತದೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರವಾದರೂ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ 6 ಸಂಕೇತಗಳು, ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 18 ಬೈಟ್‌ಗಳು. ಸಂಕೇತಗಳನ್ನು ಎಣಿಸಿದರೂ ಲೆಕ್ಕ ಸರಿಹೋಗದು, ಏಕೆಂದರೆ ಒತ್ತಕ್ಷರ ಎಷ್ಟು ಜಾಗ ಹಿಡಿಯುತ್ತದೆ ಎಂಬ ವಿಷಯದಲ್ಲಿ ಟರ್ಮಿನಲ್‌ಗಳ ನಡುವೆಯೇ ಒಮ್ಮತವಿಲ್ಲ. ಕನ್ನಡ ವಿವರಣೆಯನ್ನು ಎರಡನೆಯ ಸಾಲಿನಲ್ಲಿ ಒಂಟಿಯಾಗಿ ಇಡಿ. ಅದರ ಬಲಕ್ಕೆ ಏನೂ ಇಲ್ಲದಿದ್ದರೆ ಓರೆಯಾಗಲು ಕಾಲಂ ಇರುವುದಿಲ್ಲ.