ಹಳೆಯ 250 ಟನ್ ಡೈ ಕಾಸ್ಟಿಂಗ್ ಮೆಷಿನ್ ಕೊಳ್ಳುವಾಗ ಸಿಪಿಕೆ 1.33 ಸಾಕಾ, 1.67 ಕೇಳಬೇಕಾ?

ಎರಡೂ ಬೇಡ ಮಾರಾಯ್ರೆ. ಸಿಪಿಕೆ ಅಂದರೆ ಪೀಸಿನ ಅಳತೆ ಕೊಟ್ಟ ಮಿತಿಯೊಳಗೆ ಎಷ್ಟು ಸ್ಥಿರವಾಗಿ ಬರುತ್ತದೆ ಅನ್ನುವ ಅಂಕಿ, ಹೆಚ್ಚಿದ್ದಷ್ಟೂ ಒಳ್ಳೆಯದು. ಮಾರುವವರು ನಿಮ್ಮೆದುರು 50 ಪೀಸ್ ಹೊಡೆದು, ಅಳತೆ ತೆಗೆದು, ಸಿಪಿಕೆ ಶೀಟ್ ಕೈಗೆ ಕೊಟ್ಟಿದ್ದಾರೆ ಅಂತ ಬರೆದಿದ್ದೀರಿ. ಅಂಥದ್ದೇ ಶೀಟ್ ನಂಬಿ ನಾನು ಮತ್ತು ನನ್ನ ಭಾವ ಕೊಯಮತ್ತೂರಿನಿಂದ ಒಂದು ಕೋಲ್ಡ್ ಚೇಂಬರ್ ಮೆಷಿನ್ (ಕರಗಿದ ಲೋಹವನ್ನು ಹೊರಗಿನಿಂದ ಹೊಯ್ದು, ಒತ್ತಿ ಅಚ್ಚಿಗೆ ತುಂಬುವಂಥದ್ದು) ತಂದು ಮಂಗಳೂರಿನ ಬೈಕಂಪಾಡಿಯ ಶೆಡ್‌ನಲ್ಲಿ ಕೂರಿಸಿದೆವು. ಶೀಟ್‌ನಲ್ಲಿ 1.67ಕ್ಕಿಂತ ಮೇಲೇ ಇತ್ತು. ಸುಳ್ಳು ಲೆಕ್ಕ ಏನಲ್ಲ, ಅಳತೆಗಳು ನಿಜವಾಗಿಯೂ ಸರಿ ಇದ್ದವು.

ನಮ್ಮ ಕೆಲಸ ಪಂಪಿನ ಕವರ್, ಎಡಿಸಿ12 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ. ನಮ್ಮಲ್ಲಿ ವರ್ನಿಯರ್ ಇಟ್ಟರೆ ಎಲ್ಲವೂ ಪಾಸ್. ಗ್ರಾಹಕರ ಕಡೆ ಬೋರ್ ಮಾಡಿ (ಒಳತೂತು ಕೊರೆದು), ಲೀಕ್ ಟೆಸ್ಟ್‌ಗೆ ನೀರಿನಲ್ಲಿ ಮುಳುಗಿಸಿದರೆ ಬುಳುಬುಳು ಗುಳ್ಳೆ. ಬೋರಿನ ಒಳಗೋಡೆಯಲ್ಲಿ ಸೂಜಿಮೊನೆಯಷ್ಟು ತೂತುಗಳು. ಲಾಟ್‌ಗಟ್ಟಲೆ ವಾಪಸ್ ಬಂತು. ಲಾರಿ ಬಾಡಿಗೆ ಎರಡೂ ಕಡೆಯದು ನಮ್ಮ ತಲೆಗೆ.

ಭಾವ ಮೊದಲು ಬೈದದ್ದು ಮಳೆಗೆ. ಇಂಗಾಟ್ (ಕರಗಿಸುವ ಲೋಹದ ಗಟ್ಟಿ) ಒದ್ದೆಯಾಗಿದೆ, ಆ ನೀರಿನಿಂದ ಲೋಹಕ್ಕೆ ಹೈಡ್ರೋಜನ್ ಹಿಡಿದಿದೆ ಅಂತ. ನಮ್ಮೂರಿನ ಜುಲೈಯಲ್ಲಿ ಅದು ಸುಮ್ನೆ ತಳ್ಳಿಹಾಕುವ ಮಾತೂ ಅಲ್ಲ. ಇಂಗಾಟ್ ಬಿಸಿಮಾಡಿ ಒಣಗಿಸಿ, ಡಿಗ್ಯಾಸ್ ಮಾಡಿ (ಕರಗಿದ ಲೋಹದ ಗ್ಯಾಸ್ ತೆಗೆದು) ನೋಡಿದೆವು. ಗುಳ್ಳೆ ಹೋಗಲಿಲ್ಲ.

ದುಡ್ಡು ಹೋದದ್ದು ಎಲ್ಲಿ ಗೊತ್ತುಂಟಾ? ನಾವು ಪೀಸ್ ಅಳೆದೆವು, ಮೆಷಿನ್ ಅಳೆಯಲಿಲ್ಲ. ಪೀಸಿನ ಉದ್ದ, ಅಗಲ, ವ್ಯಾಸ ಬಹುಪಾಲು ಡೈಯಿಂದ, ಅಂದರೆ ಅಚ್ಚಿನಿಂದ, ಬರುತ್ತದೆ. ಡೈ ಒಳ್ಳೆಯದಿದ್ದು, ಅದರ ಬಿಸಿ ಹದವಾಗಿದ್ದರೆ ಸಿಪಿಕೆ ಚಂದವೇ ಬರುತ್ತದೆ. ಅದನ್ನು ನೋಡಿ ಮೆಷಿನ್ ಒಳ್ಳೆಯದು ಅನ್ನುವುದು, ಇಡ್ಲಿ ಗುಂಡಗಿದೆ ಅಂತ ಸ್ಟವ್ ಹೊಗಳಿದ ಹಾಗೆ. ಮೆಷಿನ್‌ನ ಕೆಲಸವೇ ಬೇರೆ. ಲೋಹ ಹೊಯ್ಯುವ ಕೊಳವೆ ಸ್ಲೀವ್, ಅದರೊಳಗಿನ ಲೋಹ ತಳ್ಳುವ ದಂಡ ಪ್ಲಂಜರ್. ಪ್ಲಂಜರನ್ನು ಮೊದಲು ನಿಧಾನ ತಳ್ಳಿ ಸ್ಲೀವ್‌ನ ಗಾಳಿ ಹೊರಗೆ ಹಾಕಬೇಕು. ಲೋಹ ಗೇಟಿಗೆ (ಡೈಯ ಒಳದಾರಿಯ ಬಾಯಿಗೆ) ಬಂದ ಹೊತ್ತಿಗೆ ಸರಿಯಾಗಿ ಸೆಕೆಂಡಿಗೆ ಎರಡು ಮೂರು ಮೀಟರ್ ವೇಗಕ್ಕೆ ಏರಬೇಕು. ಡೈ ತುಂಬಿದ ಕೂಡಲೇ, ಗೇಟ್ ಗಟ್ಟಿಯಾಗುವ ಮೊದಲು, ಇಂಟೆನ್ಸಿಫಿಕೇಶನ್ ಒತ್ತಡ, ಅಂದರೆ ಲೋಹವನ್ನು ಒತ್ತಿ ಹಿಡಿಯುವ ಕೊನೆಯ ಜೋರು ಒತ್ತಡ, ಬೀಳಬೇಕು. ಡೈ ತುಂಬಲು ಹಿಡಿಯುವುದೇ ಸೆಕೆಂಡಿನ ನೂರರಲ್ಲಿ ಕೆಲವು ಭಾಗ. ಪ್ರತಿ ಶಾಟ್‌ನಲ್ಲೂ ಇದನ್ನೆಲ್ಲ ಒಂದೇ ಥರ ಮಾಡುತ್ತದಾ ಅನ್ನುವುದು ವರ್ನಿಯರ್‌ಗೆ ಕಾಣುವುದಿಲ್ಲ.

ನಮಗೆ ಸುಳಿವು ಸಿಕ್ಕಿದ್ದು ಬಿಸ್ಕೆಟ್‌ನಲ್ಲಿ. ಸ್ಲೀವ್‌ನ ತುದಿಯಲ್ಲಿ ಉಳಿಯುವ ದಪ್ಪ ಬಿಲ್ಲೆ ಇದೆಯಲ್ಲ, ಅದನ್ನು ನೋಡದೆಯೇ ಕರಗಿಸಲು ಎಸೆಯುತ್ತಿದ್ದೆವು. ಒಂದು ಶಿಫ್ಟಿನ ಬಿಸ್ಕೆಟ್‌ಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರೆ, ಒಂದರ ದಪ್ಪ ಪಕ್ಕದ್ದರ ಅರ್ಧ. ಲೋಹ ಹೊಯ್ಯುತ್ತಿದ್ದದ್ದು ಕೈ ಸೌಟಿನಲ್ಲಿ. ವೇಗ ಬದಲಿಸುತ್ತಿದ್ದದ್ದು ಲಿಮಿಟ್ ಸ್ವಿಚ್. ಸ್ವಿಚ್‌ಗೆ ಪ್ಲಂಜರ್ ಎಲ್ಲಿದೆ ಗೊತ್ತು, ಲೋಹ ಎಲ್ಲಿದೆ ಗೊತ್ತಿಲ್ಲ. ಕಡಿಮೆ ಹೊಯ್ದರೆ ಲೋಹ ಗೇಟ್ ಮುಟ್ಟುವ ಮೊದಲೇ ವೇಗ ಏರಿಬಿಡುತ್ತದೆ, ಗಾಳಿಯೂ ಜೊತೆಗೆ ಒಳಗೆ ನುಗ್ಗುತ್ತದೆ. ಬಿಸ್ಕೆಟ್ ತೆಳುವಾದರೆ ಬೇಗ ಗಟ್ಟಿಯಾಗುತ್ತದೆ, ಕೊನೆಯ ಒತ್ತಡ ಡೈವರೆಗೆ ಹೋಗುವುದೇ ಇಲ್ಲ. ಇದು ಸಾಲದು ಅಂತ, ಪ್ಲಂಜರ್‌ಗೆ ಆ ವೇಗ ಕೊಡುವ ಒತ್ತಡ ತುಂಬಿಟ್ಟ ಸಿಲಿಂಡರ್, ಅಂದರೆ ಅಕ್ಯುಮುಲೇಟರ್‌ನ ನೈಟ್ರೋಜನ್ ಬೇರೆ ಸಣ್ಣಗೆ ಸೋರುತ್ತಿತ್ತು. ಟ್ರಯಲ್‌ಗೆ ಮೊದಲು ಹೊಸತಾಗಿ ಗ್ಯಾಸ್ ತುಂಬಿದ್ದರು ಅಂತ ನನ್ನ ಗುಮಾನಿ. ಅಲ್ಲಿ ಹೊಯ್ದದ್ದು ಆಟೋ ಲೇಡಲ್ (ತಾನಾಗಿ ಅಳೆದು ಹೊಯ್ಯುವ ಸೌಟು), ಅದು ಮೆಷಿನ್ ಜೊತೆ ಬರಲಿಲ್ಲ.

ಸಿಪಿಕೆ ಕೇಳಲೇಬೇಕು ಅಂತಿದ್ದರೆ ಶಾಟ್‌ನ ಅಂಕಿಗಳ ಮೇಲೆ ಕೇಳಿ: ಫಾಸ್ಟ್ ಶಾಟ್ ವೇಗ, ವೇಗ ಬದಲಾಗುವ ಜಾಗ, ಒತ್ತಡ ಏರಲು ಹಿಡಿದ ಸಮಯ, ಬಿಸ್ಕೆಟ್ ದಪ್ಪ. ಹಳೆ ಮೆಷಿನ್‌ನಲ್ಲಿ ಮಾನಿಟರ್ ಇಲ್ಲದಿದ್ದರೆ ಸ್ಟ್ರೋಕ್ ಸೆನ್ಸರ್, ಪ್ರೆಶರ್ ಸೆನ್ಸರ್ ತಾತ್ಕಾಲಿಕವಾಗಿ ಕಟ್ಟಿ ಓದಬಹುದು. 50 ಶಾಟ್ ಏನೇನೂ ಸಾಲದು. ಎಣ್ಣೆ ತಣ್ಣಗಿರುವಾಗ ಶುರು ಮಾಡಿಸಿ, ಒಂದು ಶಿಫ್ಟ್ ಪೂರ್ತಿ ಓಡಿಸಿ. ಹೈಡ್ರಾಲಿಕ್ ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ, ಸವೆದ ವಾಲ್ವ್‌ಗಳ ಬಣ್ಣ ಆಗ ಬಯಲಾಗುತ್ತದೆ. ನಿಮ್ಮದು ಉಡುಪಿ ಅಂದಿರಿ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಎಣ್ಣೆ ತಣಿಸುವ ಕೂಲಿಂಗ್ ಟವರ್‌ನ ನೀರು ಅಷ್ಟಾಗಿ ತಣಿಯುವುದಿಲ್ಲ. ಘಟ್ಟದ ಆಚೆ ಡಿಸೆಂಬರ್ ಬೆಳಿಗ್ಗೆ ಚೆನ್ನಾಗಿ ಓಡಿದ ಮೆಷಿನ್ ಇಲ್ಲಿ ಏಪ್ರಿಲ್‌ನಲ್ಲಿ ಹಾಗೇ ಓಡುತ್ತದೆ ಅಂತ ನಂಬಬೇಡಿ. ಡೈ ಮುಚ್ಚಿ ಹಿಡಿಯುವ ನಾಲ್ಕೂ ಟೈಬಾರ್ (ದಪ್ಪ ಕಂಬಿ) ಸಮನಾಗಿ ಎಳೆಯುತ್ತವಾ ಅಂತ ಡಯಲ್ ಗೇಜ್ ಇಟ್ಟು ನೋಡಿ, ಅದಕ್ಕೆ ಜಾಸ್ತಿ ಹೊತ್ತು ಬೇಡ.

ಟ್ರಯಲ್‌ನಲ್ಲಿ ನಿಮ್ಮ ಸೌಟು, ನಿಮ್ಮ ಹುಡುಗನ ಕೈಯಲ್ಲೇ ಹೊಯ್ಯಿಸಿ. ಶಿಫ್ಟಿನ ಶುರು, ನಡು, ಕೊನೆಯ ಪೀಸ್‌ಗಳನ್ನು ಊರಿಗೆ ತಂದು ಬೋರ್ ಬರುವ ಜಾಗದಲ್ಲಿ ಕತ್ತರಿಸಿ ನೋಡಿ. ಪೀಸ್ ಕೊಡಲ್ಲ, ನೈಟ್ರೋಜನ್ ಪ್ರೆಶರ್ ನೋಡಲು ಬಿಡಲ್ಲ ಅಂದರೆ ಅಡ್ವಾನ್ಸ್ ಕೊಡಬೇಡಿ.