ನಿರಾಶ್ರಿತರ ಶಿಬಿರಕ್ಕೆ ನೀರು ಶುದ್ಧೀಕರಣ ಯಂತ್ರ ಕಳಿಸಲು ಹಣ ಕೂಡಿಸುತ್ತಿದ್ದೇವೆ. ಇಂಥ ವಿದೇಶಿ ನೆರವಿನಿಂದ ನಿಜಕ್ಕೂ ಪ್ರಯೋಜನವಿದೆಯೇ?

ಯಂತ್ರ ಕಳಿಸಬೇಡಿ. ಶಿಬಿರಗಳ ನೀರಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು: ಒಳ್ಳೆಯ ಯಂತ್ರ ಹೋದರೆ ಜೀವ ಉಳಿಯುತ್ತದೆ, ಉಳಿದ ನೆರವೆಲ್ಲ ದಂಡ. ಗೋಮಾದ ಕಥೆ ಗೊತ್ತಾದ ಮೇಲೆ ಆ ಭ್ರಮೆ ಹೋಯಿತು.

1994ರ ಜುಲೈಯಲ್ಲಿ ರುವಾಂಡಾದಿಂದ ಐದರಿಂದ ಎಂಟು ಲಕ್ಷ ಜನ ಕೆಲವೇ ದಿನಗಳಲ್ಲಿ ಗಡಿ ದಾಟಿ, ಆಗ ಜೈರ್ ಆಗಿದ್ದ ಈಗಿನ ಕಾಂಗೋ ಗಣರಾಜ್ಯದ (ಡಿಆರ್‌ಸಿ) ಗೋಮಾ ಪಟ್ಟಣದ ಸುತ್ತ ಬಂದು ಬಿದ್ದರು. ಪಕ್ಕದಲ್ಲೇ ಕಿವು ಸರೋವರ, ನೀರಿಗೇನೂ ಬರವಿಲ್ಲ. ಆದರೂ ಮೊದಲ ವಾರ ತಲೆಗೆ ದಿನಕ್ಕೆ ಸಿಕ್ಕ ಶುದ್ಧ ನೀರು ಸರಾಸರಿ 0.2 ಲೀಟರ್. ಅಂದರೆ ಒಂದು ಲೋಟ! ತುರ್ತು ಹೊತ್ತಿನಲ್ಲೂ 15 ಲೀಟರ್ ಬೇಕೆನ್ನುವುದು ನೆರವು ಸಂಸ್ಥೆಗಳು ಒಪ್ಪಿಕೊಂಡಿರುವ ಈಗಿನ ಸ್ಫಿಯರ್ ಮಾನದಂಡ. ನೆಲವೆಲ್ಲ ಲಾವಾ ಕಲ್ಲು, ಕಕ್ಕಸಿನ ಗುಂಡಿ ತೋಡಲು ಗುದ್ದಲಿ ಇಳಿಯದು. ಕಾಲರಾ ಬಂತು, ಅದರ ಬೆನ್ನಿಗೇ ರಕ್ತಭೇದಿ. ಮೊದಲ ತಿಂಗಳಲ್ಲೇ ಸತ್ತವರು ಸುಮಾರು 50,000. ಸರೋವರದಿಂದ ಜನರ ಬಾಯಿಯವರೆಗಿನ ದಾರಿಯೇ ಅಲ್ಲಿ ಇರಲಿಲ್ಲ.

ಆ ದಾರಿಯ ಕೊನೆಯ ತುಂಡಿನಲ್ಲೇ ಇವತ್ತಿಗೂ ಆಗುವ ತಪ್ಪೊಂದಿದೆ. ಅದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ರೋಗಾಣು ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ ಅಳೆಯುವುದು ಟ್ಯಾಂಕಿನಲ್ಲಿ, ಜನ ಕುಡಿಯುವುದು ಡೇರೆಯೊಳಗಿನ ಕ್ಯಾನಿನಿಂದ. ಇವೆರಡರ ನಡುವೆ ಹತ್ತು ಹನ್ನೆರಡು ಗಂಟೆ ಕಳೆದಿರುತ್ತದೆ.

ನೀರು ಕದಡಿದ್ದರೆ ಮೊದಲು ಆಲಂ ಹಾಕಿ ಕಲ್ಮಶ ತಳಕ್ಕಿಳಿಸಬೇಕು. ಕಲಕು 5 ಎನ್‌ಟಿಯುಗಿಂತ (ನೀರಿನ ಕಲಕು ಅಳೆಯುವ ಮಾನ) ಕೆಳಗೆ ಬರಬೇಕು. ಇಲ್ಲದಿದ್ದರೆ ಹಾಕಿದ ಕ್ಲೋರಿನನ್ನೆಲ್ಲ ಕೆಸರೇ ನುಂಗುತ್ತದೆ. ಆಮೇಲೆ ಶೇ 70ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ಪುಡಿ) 15 ಗ್ರಾಂ ಒಂದು ಲೀಟರ್ ನೀರಿಗೆ ಬೆರೆಸಿದರೆ ಶೇ 1ರ ದ್ರಾವಣ. ಡಬ್ಬಿ ತೆರೆದು ಬಹಳ ದಿನವಾಗಿದ್ದರೆ ಶೇ 70 ಎಂಬುದು ಚೀಟಿಯ ಮೇಲಷ್ಟೇ ಉಳಿದಿರುತ್ತದೆ. 20 ಲೀಟರಿನ ನಾಲ್ಕು ಬಕೆಟ್‌ಗಳಿಗೆ ಈ ದ್ರಾವಣ 1, 2, 4, 6 ಮಿಲೀ ಹಾಕಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಇನ್ನೂ ಎಷ್ಟು ಕ್ಲೋರಿನ್ ಉಳಿದಿದೆ ಎಂದು ಅಳೆಯಬೇಕು. 4 ಮಿಲೀ ಹಾಕಿದ ಬಕೆಟ್‌ನಲ್ಲಿ ಬೇಕಾದಷ್ಟು ಉಳಿದಿತ್ತು ಅನ್ನಿ, 10,000 ಲೀಟರ್ ಟ್ಯಾಂಕಿಗೆ 2 ಲೀಟರ್ ದ್ರಾವಣ ಬೇಕು.

ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ನಲ್ಲಿಯಲ್ಲಿ ಲೀಟರಿಗೆ 0.5 ಮಿಗ್ರಾಂ ಸಿಕ್ಕಿತು, ವರದಿಯಲ್ಲಿ ಟಿಕ್ ಬಿತ್ತು. ಆದರೆ ಬಿಸಿಲು, ಒಳಗೆ ಪಾಚಿ ಕಟ್ಟಿದ ಕ್ಯಾನು, ಅಗಲ ಬಾಯಿಯ ಪಾತ್ರೆಗೆ ಅದ್ದುವ ಕೈ, ಎಲ್ಲ ಸೇರಿ ಆ ಅರ್ಧ ಮಿಲಿಗ್ರಾಂ ಸಂಜೆಯೊಳಗೆ ಸೊನ್ನೆಯಾಗಿರುತ್ತದೆ. ದಕ್ಷಿಣ ಸುಡಾನ್ ಶಿಬಿರಗಳಲ್ಲಿ ಮನೆಯ ಪಾತ್ರೆಗಳವರೆಗೆ ಹೋಗಿ ಅಳೆದ ಮೇಲೆ, ನಲ್ಲಿಯಲ್ಲಿ 1 ಮಿಗ್ರಾಂ ಇರಲಿ ಎಂಬ ಸಲಹೆ ಬಂತು. ಹಾಗೆಂದು ಕಣ್ಣುಮುಚ್ಚಿ ಏರಿಸಿದರೆ ವಾಸನೆಗೆ ಬೇಸತ್ತು ಜನ ಹಳ್ಳದ ನೀರಿಗೇ ಹೋಗುತ್ತಾರೆ. ಎಷ್ಟು ಸರಿ ಎಂಬುದನ್ನು ಆಯಾ ಶಿಬಿರದ ಡೇರೆಗಳಲ್ಲಿ ಅಳೆದೇ ತಿಳಿಯಬೇಕು.

ಕ್ಯಾನಿನ ವಿಷಯ ಕ್ಷುಲ್ಲಕ ಅನ್ನಿಸಬಹುದು. 1993ರಲ್ಲಿ ಮಲಾವಿಯ ಒಂದು ನಿರಾಶ್ರಿತರ ಶಿಬಿರದಲ್ಲಿ ಕೆಲವು ಕುಟುಂಬಗಳಿಗೆ ಮುಚ್ಚಳ, ಕೊಳವೆಬಾಯಿ ಇರುವ 20 ಲೀಟರಿನ ಬಕೆಟ್ ಕೊಟ್ಟರು. ಆ ಮನೆಗಳ ಐದು ವರ್ಷದೊಳಗಿನ ಮಕ್ಕಳ ಭೇದಿ ಶೇ 31ರಷ್ಟು ಇಳಿಯಿತು. ಯಂತ್ರದ ಜೊತೆ ಫೋಟೋ ಚೆನ್ನಾಗಿ ಬರುತ್ತದೆ, ಬಕೆಟ್ ಜೊತೆ ಬರುವುದಿಲ್ಲ, ಅಷ್ಟೇ.

ಇನ್ನು 'ನೆರವಿನಿಂದ ಪ್ರಯೋಜನವಿದೆಯೇ' ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ತಂಡ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ, ಶೇ 30ರ ಆಸುಪಾಸಿನಲ್ಲಿದ್ದ ಕಾಲರಾ ಸಾವನ್ನು ಶೇ 3.6ಕ್ಕೆ ಇಳಿಸಿತು. 2010ರಲ್ಲಿ ಹೈಟಿಗೆ ಕಾಲರಾ ಬಂದದ್ದು ವಿಶ್ವಸಂಸ್ಥೆಯ ಶಾಂತಿಪಾಲಕರ ನೆಲೆಯ ಮಲಿನ ನೀರಿನಿಂದ. ಸತ್ತವರು ಹತ್ತು ಸಾವಿರದ ಹತ್ತಿರ. ಎರಡೂ ನೆರವಿಗೆಂದು ಬಂದವರು ಅಲ್ಲಿದ್ದಾಗ ಆದದ್ದೇ. ಸರಾಸರಿ ತೆಗೆದರೆ ಏನು ತಿಳಿದೀತು?

ಕೂಡಿದ ಹಣವನ್ನು ಆ ಶಿಬಿರದಲ್ಲಿ ಈಗಾಗಲೇ ಇರುವ ಸಂಸ್ಥೆಗೆ ಕೊಡಿ. ಕುಟುಂಬಕ್ಕೆರಡು ಕಿರಿಬಾಯಿಯ ಕ್ಯಾನು (ತರಲೊಂದು, ಇಡಲೊಂದು), ಕ್ಲೋರಿನ್ ಪರೀಕ್ಷೆಯ ಮಾತ್ರೆಗಳು, ಡೇರೆ ಡೇರೆಗೆ ಹೋಗಿ ಅಳೆಯುವ ಅಲ್ಲಿನವರದೇ ಸಂಬಳ, ಹಣ ಹೋಗಬೇಕಾದದ್ದು ಇವಕ್ಕೆ. ಕೊಡುವ ಮೊದಲು, ಹೋದ ವಾರ ಡೇರೆಗಳ ಕ್ಯಾನಿನಲ್ಲಿ ಸಿಕ್ಕ ಕ್ಲೋರಿನ್ ಪಟ್ಟಿ ಕೇಳಿ. ಟ್ಯಾಂಕಿನ ಲೀಟರ್ ಲೆಕ್ಕವನ್ನಷ್ಟೇ ತೋರಿಸಿದರೆ ಬೇರೆ ಸಂಸ್ಥೆ ಹುಡುಕಿ.