ಲ್ಯಾಟಿನ್ ಮಹಾಕಾವ್ಯದಲ್ಲಿ ಪಿಎಚ್.ಡಿ.: ದೇಶ ಆರಿಸುವ ಮೊದಲು ಗ್ರೀಕ್ ಕಲಿಯಿರಿ

ಇಂಗ್ಲಿಷ್ ಎಂ.ಎ. ಮುಗಿಸಿದ್ದೀರಿ, ರೋಮನ್ ಕವಿ ವರ್ಜಿಲನ ಮಹಾಕಾವ್ಯ 'ಈನಿಯಡ್'ನ ಅನುವಾದಕ್ಕೆ ಮನಸೋತು ಲ್ಯಾಟಿನ್ ಹಿಡಿದಿದ್ದೀರಿ. ಪಂಪ ಮತ್ತು ವರ್ಜಿಲರನ್ನು ಹೋಲಿಸಿ ಪಿಎಚ್.ಡಿ. ಮಾಡಲು ಬ್ರಿಟನ್ ಒಳ್ಳೆಯದೋ ಅಮೆರಿಕವೋ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಇದ್ದಾಗ ಇದೇ ಪ್ರಶ್ನೆಯನ್ನು ನಾನು ಕಂಡಕಂಡವರಿಗೆಲ್ಲ ಕೇಳಿದ್ದೆ.

ನನಗೆ ಲ್ಯಾಟಿನ್ ಕಲಿಸಿದವರು ಸೆಮಿನರಿಯಲ್ಲಿ ಓದಿದ್ದ ಒಬ್ಬ ವೃದ್ಧ ಪಾದ್ರಿ. ಸಂಸ್ಕೃತದ ವಿಭಕ್ತಿಗಳನ್ನು ಉರು ಹೊಡೆದಿದ್ದರಿಂದ ಲ್ಯಾಟಿನ್ ವ್ಯಾಕರಣಕ್ಕೆ ಹೆದರಲಿಲ್ಲ. ಛಂದಸ್ಸಂತೂ ಮನೆಯದೇ ಅನ್ನಿಸಿತು. ವರ್ಜಿಲನ ಸಾಲಿನಲ್ಲಿ ಆರು ಗಣ. ಗಣವೆಂದರೆ ಒಂದು ಗುರು ಎರಡು ಲಘು, ಅಂದರೆ ನಮ್ಮ ಭಗಣ, ಇಲ್ಲವೇ ಎರಡು ಗುರು. ಕೊನೆಯ ಗಣದಲ್ಲಿ ಮಾತ್ರ ಯಾವಾಗಲೂ ಎರಡೇ ಅಕ್ಷರ. ಒತ್ತಕ್ಷರದ ಹಿಂದಿನದು ಗುರುವಾಗುವ ನಿಯಮವೂ ಹೆಚ್ಚುಕಡಿಮೆ ಅದೇ. ಬ್ರಿಟನ್ನಿಗೆ ಹೋದಾಗ ಅಲ್ಲಿನ ಸಹಪಾಠಿಗಳು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ ಸಾಲುಗಳನ್ನು ನಾನು ಓದುತ್ತಲೇ ಗಣ ವಿಂಗಡಿಸುತ್ತಿದ್ದೆ. ಹಳೆಗನ್ನಡ ಓದಿದವರಿಗೆ ಈ ಕಿವಿ ಇರುತ್ತದೆ, ನಿಮಗೂ ಇದೆ. ಆದರೆ ಇದೇ ಆತ್ಮವಿಶ್ವಾಸದಲ್ಲಿ ನಾನು ಗ್ರೀಕ್ ಕಲಿಯುವುದನ್ನು ಮುಂದೂಡಿದೆ.

ಆಗ ನನ್ನ ತರ್ಕ ಸರಳವಾಗಿತ್ತು. ನಾನು ಓದುವುದು ರೋಮನ್ ಕವಿಗಳನ್ನು, ಅವರು ಬರೆದದ್ದು ಲ್ಯಾಟಿನ್ನಿನಲ್ಲಿ. ಅವರಿಗಿಂತ ಹಿಂದಿನ ಗ್ರೀಕ್ ಕವಿ ಹೋಮರ್ ಬೇಕಾದರೆ ಒಳ್ಳೆಯ ಇಂಗ್ಲಿಷ್ ಅನುವಾದಗಳಿವೆ. ಬ್ರಿಟನ್ನಿನಲ್ಲಿ ಪಿಎಚ್.ಡಿ. ಎಂದರೆ ಮೂರು ನಾಲ್ಕು ವರ್ಷ ನೇರವಾಗಿ ಸಂಶೋಧನೆ. ತರಗತಿ, ಭಾಷಾ ಪರೀಕ್ಷೆ ಎಂದು ಯಾರೂ ನನ್ನನ್ನು ತಡೆಯಲಿಲ್ಲ. ಅಮೆರಿಕದಲ್ಲಾಗಿದ್ದರೆ ಸಾಮಾನ್ಯವಾಗಿ ಗ್ರೀಕ್ ಮತ್ತು ಲ್ಯಾಟಿನ್ ಎರಡರಲ್ಲೂ ನಿಗದಿತ ಪಠ್ಯಗಳ ಪರೀಕ್ಷೆ ದಾಟಿದ ಮೇಲೆಯೇ ಪ್ರಬಂಧಕ್ಕೆ ಕೈ ಹಾಕಬೇಕು. ಜೊತೆಗೆ ಜರ್ಮನ್, ಫ್ರೆಂಚ್ ಅಥವಾ ಇಟಾಲಿಯನ್ ಓದಲು ಬರಬೇಕು. ಅಲ್ಲಿ ನನ್ನ ಕೊರತೆ ಆರಂಭದಲ್ಲೇ ಬಯಲಾಗುತ್ತಿತ್ತು. ಎರಡು ದೇಶಗಳ ನಡುವೆ ನಿಮಗೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಇದೊಂದೇ.

ನಾನು ಆರಿಸಿಕೊಂಡದ್ದು ವರ್ಜಿಲನ ನಂತರದ ರೋಮನ್ ಕವಿ ಸಿಲಿಯಸ್ ಇಟಾಲಿಕಸ್‌ನ 'ಪ್ಯೂನಿಕಾ'. ಕಾರ್ತೇಜಿನ ಸೇನಾನಿ ಹ್ಯಾನಿಬಲ್ ರೋಮ್ ಮೇಲೆ ನಡೆಸಿದ ಯುದ್ಧದ ಕಥೆ. 17 ಸರ್ಗ, 12,000ಕ್ಕೂ ಹೆಚ್ಚು ಸಾಲು, ಪ್ರಾಚೀನ ರೋಮಿನಿಂದ ನಮಗೆ ಉಳಿದಿರುವ ಮಹಾಕಾವ್ಯಗಳಲ್ಲಿ ಅತಿ ದೀರ್ಘವಾದದ್ದು. ಸಿಲಿಯಸ್ ವರ್ಜಿಲನ ಸಮಾಧಿಗೆ ದೇವಾಲಯಕ್ಕೆ ಹೋಗುವಂತೆ ಹೋಗುತ್ತಿದ್ದನೆಂದು ರೋಮನ್ ಲೇಖಕ ಕಿರಿಯ ಪ್ಲಿನಿ ಪತ್ರವೊಂದರಲ್ಲಿ ಬರೆದಿದ್ದಾನೆ. ಇಂಥ ಭಕ್ತನ ಕಾವ್ಯದಲ್ಲಿ ಇರುವುದೆಲ್ಲ ವರ್ಜಿಲನಿಂದಲೇ ಬಂದಿರಬೇಕು ಎಂದು ನಂಬಿ ನಾನು ಹೊರಟೆ.

ನಾಲ್ಕನೆಯ ಸರ್ಗದಲ್ಲಿ ಕ್ರಿ.ಪೂ. 218ರ ಟ್ರೆಬಿಯಾ ಕದನವಿದೆ. ನದಿಯೇ ಉಕ್ಕೆದ್ದು ರೋಮನ್ ಸೇನಾನಿ ಸ್ಕಿಪಿಯೊನ ಮೇಲೆ ಬೀಳುತ್ತದೆ. ಕೊನೆಗೆ ದೇವತೆ ವೀನಸ್ ಕೇಳಿಕೊಂಡಾಗ ಬೆಂಕಿಯ ದೇವರು ವಲ್ಕನ್ ನದಿಯನ್ನು ಸುಡುತ್ತಾನೆ. 'ಈನಿಯಡ್'ನ ಎಂಟನೆಯ ಸರ್ಗದಲ್ಲಿ ಟೈಬರ್ ನದಿ ಕಥಾನಾಯಕ ಈನಿಯಸ್‌ನ ದೋಣಿಗಳಿಗಾಗಿ ತನ್ನ ಹರಿವನ್ನೇ ಶಾಂತಗೊಳಿಸುತ್ತದೆ. ಕರುಣೆಯ ನದಿಯನ್ನು ಸಿಲಿಯಸ್ ವೈರಿಯಾಗಿ ತಿರುಗಿಸಿದ್ದಾನೆ ಎಂದು ಇಡೀ ಒಂದು ಅಧ್ಯಾಯ ಬರೆದೆ. ಆದರೆ ಆ ದೃಶ್ಯದ ಬೇರು ಇರುವುದು ಹೋಮರನ 'ಇಲಿಯಡ್'ನ 21ನೆಯ ಸರ್ಗದಲ್ಲಿ, ಗ್ರೀಕ್ ವೀರ ಅಕಿಲೀಸ್ ಸ್ಕಮಾಂಡರ್ ನದಿಯೊಡನೆ ಸೆಣಸುವಲ್ಲಿ. ಅದನ್ನು ಅನುವಾದದಲ್ಲಿ ಓದಿದ್ದೆ, ಅಡಿಟಿಪ್ಪಣಿಯಲ್ಲಿ ಹೆಸರಿಸಿ ಮುಂದೆ ಸಾಗಿದ್ದೆ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಸರ್ಗದ ಒಂದು ಉಪಮೆಯನ್ನು ಗ್ರೀಕ್‌ನಲ್ಲಿ ತೆರೆದಿಟ್ಟು ಓದಲು ಹೇಳಿದರು. ತೋಟಕ್ಕೆ ನೀರು ಹಾಯಿಸುವವನು ಗುದ್ದಲಿ ಹಿಡಿದು ಕಾಲುವೆಯ ಅಡ್ಡಿ ಬಿಡಿಸುತ್ತಾನೆ. ನೀರು ಇಳಿಜಾರಿನಲ್ಲಿ ಅವನನ್ನೇ ಹಿಂದಿಕ್ಕಿ ಓಡುತ್ತದೆ. ಅಕಿಲೀಸ್‌ನ ಬೆನ್ನಟ್ಟಿದ ನದಿ ಹಾಗಿತ್ತು ಎನ್ನುತ್ತಾನೆ ಹೋಮರ್. ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಅದಕ್ಕಿಂತ ಪರಿಚಿತ ದೃಶ್ಯ ಇನ್ನೊಂದಿಲ್ಲ. ಆದರೂ ಒಂದು ಸಾಲನ್ನೂ ಓದಲಾಗಲಿಲ್ಲ. ರೋಮನ್ ಕವಿ ಹೋಮರನಿಂದ ನೇರವಾಗಿ ಎತ್ತಿಕೊಂಡನೋ, ತನಗಿಂತ ಹಿಂದಿನ ಇನ್ನೊಬ್ಬ ರೋಮನ್ ಕವಿಯ ಮೂಲಕ ಪಡೆದನೋ, ಎಲ್ಲಿ ಬೇಕೆಂದೇ ದಾರಿ ಬದಲಿಸಿದನೋ ಎಂದು ಸಾಲು ಸಾಲಿನಲ್ಲಿ ತೋರಿಸುವುದೇ ನಮ್ಮ ಅರ್ಧ ಕೆಲಸ. ಅನುವಾದಕರು ನುಣುಪಾಗಿಸಿದ ಇಂಗ್ಲಿಷಿನಲ್ಲಿ ಆ ಗುರುತುಗಳೆಲ್ಲ ಅಳಿಸಿಹೋಗಿರುತ್ತವೆ. ಹೋಮರನಲ್ಲಿ ನದಿಯನ್ನು ಸುಡಲು ಬೆಂಕಿಯ ದೇವರಿಗೆ ಹೇಳುವವಳು ದೇವತೆ ಹೇರಾ. ಸಿಲಿಯಸ್ ಅಲ್ಲಿ ಈನಿಯಸ್‌ನ ತಾಯಿ ವೀನಸ್‌ಳನ್ನು ತಂದು ಹೋಮರನ ಯುದ್ಧವನ್ನು ವರ್ಜಿಲನ ವಂಶಕ್ಕೆ ಸೇರಿಸುತ್ತಾನೆ. ನಾನು ಬರೆಯಬೇಕಾಗಿದ್ದದ್ದು ಅದನ್ನು. ನನ್ನ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಬೇಕಾಯಿತು, ಪದವಿ ತಡವಾಯಿತು.

ನಷ್ಟ ಅಲ್ಲಿಗೆ ಮುಗಿಯಲಿಲ್ಲ. ಕ್ಲಾಸಿಕ್ಸ್, ಅಂದರೆ ಗ್ರೀಕ್ ಮತ್ತು ಲ್ಯಾಟಿನ್ ಅಧ್ಯಯನದ ವಿಭಾಗಗಳು ಚಿಕ್ಕವು. ಲ್ಯಾಟಿನ್ ಮಹಾಕಾವ್ಯದ ತಜ್ಞರೇ ಮೊದಲ ವರ್ಷದವರಿಗೆ ಗ್ರೀಕ್ ವ್ಯಾಕರಣ, ಎರಡನೆಯ ವರ್ಷಕ್ಕೆ ಹೋಮರ್ ಕಲಿಸಬೇಕಾಗುತ್ತದೆ. ನಾನು ನೋಡಿದ ಉದ್ಯೋಗ ಪ್ರಕಟಣೆಗಳಲ್ಲಿ ಬಹುಪಾಲು ಎರಡೂ ಭಾಷೆಗಳ ಬೋಧನೆಯನ್ನು ಕೇಳುತ್ತಿದ್ದವು. ಹೀಗಾಗಿ ರಜೆಯ ಮೇಲೆ ಹೋದವರ ಜಾಗದಲ್ಲಿ ಒಂದೊಂದು ವರ್ಷ ಪಾಠ ಮಾಡುತ್ತಾ ಊರೂರು ಅಲೆದೆ, ರಾತ್ರಿ ಕುಳಿತು ಗ್ರೀಕ್ ಕ್ರಿಯಾಪದಗಳನ್ನು ಕಲಿತೆ. ಕಾಯಂ ಹುದ್ದೆ ಸಿಕ್ಕಿದ್ದು ಹೋಮರ್ ಕಲಿಸಬಲ್ಲೆ ಎಂದು ಅರ್ಜಿಯಲ್ಲಿ ಬರೆಯುವಂತಾದ ಮೇಲೆ.

ಆದ್ದರಿಂದ ದೇಶದ ಪ್ರಶ್ನೆಯನ್ನು ಈಗ ಬದಿಗಿಡಿ. ಈ ವರ್ಷವೇ ಗ್ರೀಕ್ ಆರಂಭಿಸಿ, ಲ್ಯಾಟಿನ್ ಗಟ್ಟಿಯಾಗಲಿ ಎಂದು ಕಾಯಬೇಡಿ. ಎರಡೂ ಭಾಷೆ ತಡವಾಗಿ ಕಲಿತವರಿಗಾಗಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪದವಿಯ ನಂತರದ ಭಾಷಾ ಕೋರ್ಸುಗಳಿವೆ. ಅದರಲ್ಲಿ ಅವಮಾನವೇನೂ ಇಲ್ಲ. ಪೂರ್ಣ ವಿದ್ಯಾರ್ಥಿವೇತನ ಸಿಗದಿದ್ದರೆ ಹೋಗಲೇಬೇಡಿ, ಸಾಲ ಮಾಡಿ ಓದುವ ವಿಷಯ ಇದಲ್ಲ. ಎರಡೂ ದೇಶಗಳಲ್ಲಿ ಈ ವಿಷಯಕ್ಕೆ ಆಸರೆ ಗಟ್ಟಿಯಿಲ್ಲ. 2021ರಲ್ಲಿ ಅಮೆರಿಕದ ಹೊವರ್ಡ್ ವಿಶ್ವವಿದ್ಯಾಲಯ ತನ್ನ ಕ್ಲಾಸಿಕ್ಸ್ ವಿಭಾಗವನ್ನೇ ಮುಚ್ಚಿತು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಲ್ಯಾಟಿನ್ ಬೆಳೆಸಲು 2022ರಲ್ಲಿ ಶುರುವಾದ ಯೋಜನೆಯ ಹಣ 2025ರ ಫೆಬ್ರುವರಿಯಲ್ಲಿ, ಶಾಲಾ ವರ್ಷದ ನಡುವೆಯೇ ನಿಂತಿತು.

ಪಂಪನ ವಿಷಯ. ಅರಿಕೇಸರಿಯನ್ನು ಅರ್ಜುನನೊಳಗೆ ಇಟ್ಟ ಕವಿಯನ್ನು ಓದಿದವರಿಗೆ, ಈನಿಯಸ್‌ನ ಗುರಾಣಿಯ ಮೇಲೆ ತನ್ನ ಕಾಲದ ಚಕ್ರವರ್ತಿ ಅಗಸ್ಟಸ್‌ನನ್ನು ಕೆತ್ತಿಸಿದ ಕವಿಯ ಇಕ್ಕಟ್ಟು ಬೇಗ ಅರ್ಥವಾಗುತ್ತದೆ. ಅದು ನಿಜವಾದ ಶಕ್ತಿ, ಬಿಟ್ಟುಕೊಡಬೇಡಿ. ಆದರೆ ಪಿಎಚ್.ಡಿ.ಗೆ ಅದನ್ನು ವಿಷಯವಾಗಿ ಇಡಬೇಡಿ. ಪಂಪ ಗೊತ್ತಿಲ್ಲದ ಮಾರ್ಗದರ್ಶಕರು ನಿಮ್ಮ ಅರ್ಧ ಪ್ರಬಂಧವನ್ನು ಹೊಗಳಿ ಸುಮ್ಮನಾಗುತ್ತಾರೆ, ತಿದ್ದುವುದಿಲ್ಲ. ತಿದ್ದುವವರಿಲ್ಲದೆ ಯಾರೂ ವಿದ್ವಾಂಸರಾಗುವುದಿಲ್ಲ. ಆ ಪುಸ್ತಕವನ್ನು ಕಾಯಂ ಕೆಲಸ ಸಿಕ್ಕ ಮೇಲೆ ಬರೆಯಿರಿ. ನಾನು ಈಗ ಬರೆಯುತ್ತಿರುವುದು ಅಂಥದ್ದನ್ನೇ.

ಅರ್ಜಿಯ ಜೊತೆ ಬರವಣಿಗೆಯ ಮಾದರಿ ಕೇಳಿದಾಗ ಎಂ.ಎ. ಪ್ರಬಂಧ ಕಳುಹಿಸಬೇಡಿ. 'ಈನಿಯಡ್'ನ ಎಂಟನೆಯ ಸರ್ಗದಿಂದ ಒಂದು ಪುಟದಷ್ಟು ಸಾಲು ಆರಿಸಿ, ನಿಮ್ಮದೇ ಅನುವಾದ ಮಾಡಿ, ಪ್ರತಿ ಸಾಲಿಗೂ ವ್ಯಾಖ್ಯಾನ ಬರೆಯಿರಿ. ಹೋಮರನ ನೆರಳು ಬಿದ್ದ ಕಡೆಯೆಲ್ಲ ಗ್ರೀಕ್ ಮೂಲವನ್ನೇ ಉಲ್ಲೇಖಿಸಿ.